ಸಿಂಗಪುರಕ್ಕೆ ಹೊರಟ ಕುಟುಂಬಕ್ಕೆ ಕೈಖರ್ಚಿಗೆ ಎಷ್ಟು ಬೇಕು?

ವಿದೇಶ ಪ್ರವಾಸದ ಮಾತು ಮನೆಯಲ್ಲಿ ಎದ್ದಾಗ ವಿಮಾನದ ಟಿಕೆಟ್ಟು, ಹೋಟೆಲು, ವೀಸಾ ಇವುಗಳ ಲೆಕ್ಕ ಬೇಗ ಸಿಕ್ಕಿಬಿಡುತ್ತದೆ. ಮೂರಕ್ಕೂ ಒಂದೊಂದು ಬೆಲೆಯಿದೆ, ಕಟ್ಟಿದರೆ ಮುಗಿಯಿತು. ಬಗೆಹರಿಯದೆ ಉಳಿಯುವುದು ಕೈಖರ್ಚು. "ಕೈಯಲ್ಲಿ ಎಷ್ಟಿದ್ದರೆ ಸಾಕು?" ಎಂದು ಹೋಗಿಬಂದವರನ್ನು ಕೇಳಿ ನೋಡಿ. ಒಬ್ಬರು ಐವತ್ತು ಸಾವಿರ ಧಾರಾಳವಾಯಿತು ಅನ್ನುತ್ತಾರೆ, ಇನ್ನೊಬ್ಬರು ಎರಡು ಲಕ್ಷವೂ ಸಾಲಲಿಲ್ಲ ಅನ್ನುತ್ತಾರೆ. ಇಬ್ಬರ ಮಾತೂ ನಿಜವೇ. ಒಬ್ಬರು ಊಟ, ಓಡಾಟ ಮಾತ್ರ ಎಣಿಸಿದ್ದಾರೆ, ಇನ್ನೊಬ್ಬರು ಕೊಂಡುತಂದ ಮೊಬೈಲು, ಚಿನ್ನ ಎಲ್ಲವನ್ನೂ ಅದರಲ್ಲೇ ಸೇರಿಸಿದ್ದಾರೆ.

ಹಾಗಾಗಿ ಇನ್ನೊಬ್ಬರ ಮೊತ್ತವನ್ನು ಕೇಳಿ ತಿಳಿಯುವುದಕ್ಕಿಂತ ಲೆಕ್ಕ ಹಾಕುವ ಕ್ರಮವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಇಲ್ಲಿ ಒಂದು ಉದಾಹರಣೆ ಇಟ್ಟುಕೊಂಡು ಅದನ್ನು ಮಾಡೋಣ. ಮೈಸೂರಿನ ಒಂದು ಕುಟುಂಬ, ಗಂಡ ಹೆಂಡತಿ, ಹನ್ನೆರಡು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳು. ಸಿಂಗಪುರದಲ್ಲಿ ಆರು ಹಗಲು, ಐದು ರಾತ್ರಿ. ಸಿಂಗಪುರವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ನಾಲ್ಕೂವರೆ ಗಂಟೆಯ ದಾರಿ, ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮೊದಲ ವಿದೇಶ ಪ್ರವಾಸ ಅದೇ. ಅಲ್ಲಿ ಬಹುತೇಕ ಎಲ್ಲಕ್ಕೂ ಬೆಲೆ ಬರೆದಿಟ್ಟಿರುತ್ತಾರೆ, ಚೌಕಾಶಿ ಕಡಿಮೆ. ಲೆಕ್ಕದ ಕ್ರಮ ಕಲಿಯಲು ಅಂಥ ಊರೇ ಸರಿ. ಮುಂದೆ ಬರಿದೇ ಡಾಲರ್ ಎಂದರೆ ಸಿಂಗಪುರ ಡಾಲರ್ ಎಂದೇ ತಿಳಿಯಿರಿ.

ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ: ಕೈಖರ್ಚನ್ನು ದಿನದ ಲೆಕ್ಕದಲ್ಲಿ ಹಾಕಿ, ಆ ದೇಶದ ಹಣದಲ್ಲೇ ಹಾಕಿ. ರೂಪಾಯಿಗೆ ತಿರುಗಿಸುವುದು ಕೊನೆಯ ಹೆಜ್ಜೆ. ಯಾಕೆಂದರೆ ಇಲ್ಲಿ ಇರುವುದು ಎರಡು ಬೇರೆಬೇರೆ ಪ್ರಶ್ನೆ. ಅಲ್ಲಿ ನಮಗೆ ಎಷ್ಟು ಡಾಲರ್ ಬೇಕಾಗುತ್ತದೆ ಎಂಬುದು ಒಂದು. ಆ ಡಾಲರ್ ನಮಗೆ ಎಷ್ಟು ರೂಪಾಯಿಗೆ ಬೀಳುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ನಿರ್ಧರಿಸುವುದು ನಮ್ಮ ಊಟ ತಿಂಡಿ, ಮಕ್ಕಳ ವಯಸ್ಸು, ನಡೆಯುವ ಶಕ್ತಿ. ಎರಡನೆಯದನ್ನು ನಿರ್ಧರಿಸುವುದು ಬ್ಯಾಂಕು, ಕಾರ್ಡು, ವಿನಿಮಯ ದರ. ಎರಡನ್ನೂ ಕಲಸಿಬಿಟ್ಟರೆ ಖರ್ಚು ಎಲ್ಲಿ ಹೆಚ್ಚಾಯಿತು ಎಂಬುದೇ ಗೊತ್ತಾಗುವುದಿಲ್ಲ.

ಮೊದಲೇ ಕಟ್ಟಬಹುದಾದದ್ದನ್ನು ಕೈಖರ್ಚಿಗೆ ಸೇರಿಸಬೇಡಿ

ವಿಮಾನ, ಹೋಟೆಲ್, ಪ್ರಯಾಣ ವಿಮೆ ಹೇಗೂ ಹೊರಗೆ. ವೀಸಾ ಶುಲ್ಕ ಒಬ್ಬರಿಗೆ 30 ಡಾಲರ್, ವೀಸಾ ಸಿಗದಿದ್ದರೂ ಅದು ವಾಪಸು ಬರುವುದಿಲ್ಲ. ಏಜೆಂಟರ ಶುಲ್ಕ ಅದರ ಮೇಲೆ. ಯೂನಿವರ್ಸಲ್ ಸ್ಟುಡಿಯೋಸ್, ಗಾರ್ಡನ್ಸ್ ಬೈ ದ ಬೇ ಒಳಗಿನ ಗಾಜಿನ ಗುಮ್ಮಟಗಳು, ಪ್ರಾಣಿ ಸಂಗ್ರಹಾಲಯ ಇವುಗಳ ಟಿಕೆಟ್ಟನ್ನು ಊರಿನಲ್ಲೇ ಕೂತು ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡರೆ ದೊಡ್ಡ ಮೊತ್ತಗಳು ಹೊರಡುವ ಮೊದಲೇ ತೀರಿಹೋಗುತ್ತವೆ, ಅಲ್ಲಿ ಹೋದಮೇಲೆ ಕೈಯಲ್ಲಿರುವ ದುಡ್ಡು ನಿಜವಾಗಿಯೂ ದಿನದ ಖರ್ಚಿಗೇ ಉಳಿಯುತ್ತದೆ.

ಇಲ್ಲೊಂದು ಎಚ್ಚರಿಕೆ. ಸಿಂಗಪುರಕ್ಕೆ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕಾದ ಅರೈವಲ್ ಕಾರ್ಡ್‌ಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಆದರೂ ಅದಕ್ಕೆ ಶುಲ್ಕ ಕೇಳುವ, ಸರ್ಕಾರಿ ತಾಣದಂತೆಯೇ ಕಾಣುವ ತಾಣಗಳಿವೆ. ಅಲ್ಲಿನ ವಲಸೆ ಇಲಾಖೆಯ ತಾಣದಲ್ಲೇ ತುಂಬಿ.

ಒಂದು ದಿನದ ಲೆಕ್ಕ

ಈಗ ಒಂದು ಪೂರ್ಣ ದಿನವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಕಣ್ಣಮುಂದೆ ತಂದುಕೊಳ್ಳಿ.

ಊಟದಿಂದ ಶುರು ಮಾಡೋಣ, ಏಕೆಂದರೆ ದಿನದ ಖರ್ಚಿನ ಮೂರನೇ ಎರಡು ಭಾಗ ಹೋಗುವುದು ಅಲ್ಲೇ. ಸಿಂಗಪುರದಲ್ಲಿ ಊಟಕ್ಕೆ ಎರಡು ಲೋಕಗಳಿವೆ. ಒಂದು ಹಾಕರ್ ಸೆಂಟರ್. ಒಂದೇ ಚಾವಣಿಯಡಿ ಹತ್ತಾರು ಸಣ್ಣ ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಮೇಜು ಕುರ್ಚಿ. ಈ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಒಬ್ಬರ ಊಟ ಐದರಿಂದ ಎಂಟು ಡಾಲರ್‌ನಲ್ಲಿ ಆಗುತ್ತದೆ. ಫಲಕದಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಕೊಟ್ಟರೆ ಸಾಕು. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್‌ನಲ್ಲಿ ದೋಸೆಯೂ ಸಿಗುತ್ತದೆ, ಬಿರಿಯಾನಿಯೂ ಸಿಗುತ್ತದೆ.

ಇನ್ನೊಂದು ಲೋಕ ಎಸಿ ರೆಸ್ಟೋರೆಂಟ್. ಅಲ್ಲಿನ ಮೆನುವಿನಲ್ಲಿ ಬೆಲೆಯ ಪಕ್ಕದಲ್ಲಿ ಎರಡು ಕೂಡುವ ಚಿಹ್ನೆಗಳು (++) ಇರುತ್ತವೆ. ಮೊದಲನೆಯದು ಶೇ 10 ಸೇವಾ ಶುಲ್ಕ, ಎರಡನೆಯದು ಶೇ 9 ಜಿಎಸ್‌ಟಿ. ಜಿಎಸ್‌ಟಿ 2024ರ ಜನವರಿ 1ರಿಂದ ಶೇ 9 ಆಗಿದೆ. ಸೇವಾ ಶುಲ್ಕ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ ಬೀಳುತ್ತದೆ. 20 ಡಾಲರ್‌ನ ತಿನಿಸು ಮೊದಲು 22 ಆಗುತ್ತದೆ, ಆಮೇಲೆ 23.98. ಹೀಗಾಗಿ ಆ ಚಿಹ್ನೆಗಳಿರುವ ಕಡೆ ಮೆನುವಿನ ಬೆಲೆಗೆ ಐದನೇ ಒಂದು ಭಾಗ ಸೇರಿಸಿಯೇ ಓದಿಕೊಳ್ಳಿ. ಸೇವಾ ಶುಲ್ಕ ಇರುವುದರಿಂದ ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ, ಅದಕ್ಕೆಂದು ಹಣ ತೆಗೆದಿಡುವುದು ಬೇಡ. ಕೆಲವು ಚೀನೀ ರೆಸ್ಟೋರೆಂಟುಗಳಲ್ಲಿ ಕೂತ ತಕ್ಷಣ ಒದ್ದೆ ಟವೆಲ್ಲು, ಕಡಲೆಬೀಜದ ಬಟ್ಟಲು ತಂದಿಡುತ್ತಾರೆ. ಅದು ಬಿಟ್ಟಿಯಲ್ಲ, ಬೇಡವೆಂದರೆ ಬೇಸರವಿಲ್ಲದೆ ಹಿಂದಕ್ಕೆ ಒಯ್ಯುತ್ತಾರೆ.

ಸಸ್ಯಾಹಾರಿಗಳ ಲೆಕ್ಕ ಸ್ವಲ್ಪ ಬೇರೆ. ಹಾಕರ್ ಸೆಂಟರ್‌ನಲ್ಲಿ ಸಸ್ಯಾಹಾರದ ಅಂಗಡಿಗಳು ಇವೆ, ಆದರೆ ಒಗ್ಗರಣೆಯ ಎಣ್ಣೆ, ಮೀನಿನ ಸಾಸ್ ಬಗ್ಗೆ ಕಟ್ಟುನಿಟ್ಟಾಗಿರುವವರು ದಿನಕ್ಕೊಮ್ಮೆಯಾದರೂ ಲಿಟಲ್ ಇಂಡಿಯಾಕ್ಕೆ ಬರುತ್ತಾರೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ, ನಮ್ಮ ಬೆಂಗಳೂರಿನ ಎಂಟಿಆರ್‌ನ ಶಾಖೆಯೂ ಇದೆ. ಅಲ್ಲಿ ಊಟಕ್ಕೆ ಒಬ್ಬರಿಗೆ ಹತ್ತು ಹನ್ನೆರಡು ಡಾಲರ್ ಎಂದಿಟ್ಟುಕೊಳ್ಳಿ. ನಗರದ ಇನ್ನೊಂದು ತುದಿಯ ಹೋಟೆಲಿನಿಂದ ಊಟಕ್ಕೆಂದೇ ಬರುವ ರೈಲು ಖರ್ಚು, ಸಮಯ ಎರಡೂ ಇದರಲ್ಲಿ ಸೇರುತ್ತವೆ. ಸಸ್ಯಾಹಾರಿ ಕುಟುಂಬ ಹೋಟೆಲನ್ನೇ ಲಿಟಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್ ಸುತ್ತ ಹಿಡಿಯುವುದು ಈ ಕಾರಣಕ್ಕೆ ಜಾಣತನ.

ನೀರಿನ ಮಾತನ್ನು ಬಿಡುವಂತಿಲ್ಲ. ಸಿಂಗಪುರದಲ್ಲಿ ನಲ್ಲಿ ನೀರು ನೇರವಾಗಿ ಕುಡಿಯಬಹುದು. ಅಲ್ಲಿನ ಸೆಕೆಗೆ ನಾಲ್ಕು ಜನ ದಿನಕ್ಕೆ ಏಳೆಂಟು ಬಾಟಲಿ ಸುಲಭವಾಗಿ ಮುಗಿಸುತ್ತಾರೆ. ಪ್ರವಾಸಿ ತಾಣಗಳಲ್ಲಿ ಒಂದು ಬಾಟಲಿಗೆ ಎರಡು ಮೂರು ಡಾಲರ್. ಮನೆಯಿಂದ ಬಾಟಲಿ ಒಯ್ದು ತುಂಬಿಸಿಕೊಂಡರೆ ದಿನಕ್ಕೆ ಹದಿನೈದು ಡಾಲರ್ ಉಳಿದಂತೆ. ಹೋಟೆಲ್ ಕೋಣೆಯಲ್ಲಿ ಸಾಮಾನ್ಯವಾಗಿ ಕೆಟಲ್ ಇರುತ್ತದೆ. ಅವಲಕ್ಕಿ, ಉಪ್ಪಿಟ್ಟಿನ ಸಿದ್ಧ ಪ್ಯಾಕೆಟ್ಟು, ಚಟ್ನಿಪುಡಿ ಒಯ್ಯುವವರಿಗೆ ಎರಡು ಮೂರು ಬೆಳಗಿನ ತಿಂಡಿಯ ಖರ್ಚೂ ಇಳಿಯುತ್ತದೆ. ಆದರೆ ಆರೂ ದಿನ ಕೋಣೆಯಲ್ಲೇ ತಿಂದು ಮುಗಿಸುವ ಪ್ರವಾಸ ಮಾಡಬೇಡಿ ಎಂದು ನನ್ನ ಬಿನ್ನಹ. ಆ ಊರು ತನ್ನನ್ನು ತೋರಿಸಿಕೊಳ್ಳುವುದೇ ಊಟದ ಮೇಜಿನ ಮೇಲೆ.

ನಮ್ಮ ಕುಟುಂಬಕ್ಕೆ ಹೀಗೆ ಹಾಕೋಣ: ಬೆಳಗಿನ ತಿಂಡಿ 22 ಡಾಲರ್, ಮಧ್ಯಾಹ್ನ ಹಾಕರ್ ಸೆಂಟರ್‌ನಲ್ಲಿ ಊಟ, ಹಣ್ಣಿನ ರಸ ಸೇರಿ 32, ರಾತ್ರಿ ರೆಸ್ಟೋರೆಂಟ್‌ನಲ್ಲಿ 50, ನಡುವೆ ಐಸ್‌ಕ್ರೀಮು, ಕಾಫಿ, ಕುರುಕಲಿಗೆ 14. ಒಟ್ಟು 118.

ಓಡಾಟ ಅಗ್ಗ. ಮೆಟ್ರೊ, ಬಸ್ಸು ಎರಡರಲ್ಲೂ ದೂರಕ್ಕೆ ತಕ್ಕಂತೆ ಒಬ್ಬರಿಗೆ ಸುಮಾರು ಒಂದೂಕಾಲರಿಂದ ಎರಡೂವರೆ ಡಾಲರ್. ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡು, ವೀಸಾ ಕಂಪನಿಯದೋ ಮಾಸ್ಟರ್‌ಕಾರ್ಡೋ ಯಾವುದಿದ್ದರೂ ಗೇಟಿಗೆ ತಾಗಿಸಿ ಒಳಹೋಗಬಹುದು. ಎರಡು ಸಂಗತಿ ಗೊತ್ತಿರಲಿ. ಹೊರದೇಶದ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ ಶುಲ್ಕ ಬೀಳುತ್ತದೆ. ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಬೇಕು, ಅಪ್ಪನ ಕಾರ್ಡನ್ನು ನಾಲ್ಕು ಸಲ ತಾಗಿಸಿ ನಾಲ್ಕೂ ಜನ ಒಳಗೆ ಹೋಗುವಂತಿಲ್ಲ. ಮಕ್ಕಳಿಗೆ ನಿಲ್ದಾಣದಲ್ಲಿ ಸಿಗುವ, ಹಣ ತುಂಬಿಸಿ ಬಳಸುವ ಈಜಿ-ಲಿಂಕ್ ಕಾರ್ಡ್ ತೆಗೆಸಿಕೊಡಿ. 0.9 ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಪ್ರಯಾಣ ಉಚಿತ. ಶಾಲೆಗೆ ಹೋಗುವ ವಯಸ್ಸಿನ ಪ್ರವಾಸಿ ಮಕ್ಕಳಿಗೆ ದೊಡ್ಡವರ ದರವನ್ನೇ ಲೆಕ್ಕ ಹಿಡಿಯಿರಿ. ದಿನಕ್ಕೆ ತಲಾ ಮೂರು ಪ್ರಯಾಣವೆಂದರೆ ನಾಲ್ವರಿಗೆ ಸುಮಾರು 24 ಡಾಲರ್. ಸಂಜೆ ಮಕ್ಕಳ ಕಾಲು ಸೋತಾಗ ಗ್ರ್ಯಾಬ್ ಆ್ಯಪಿನಲ್ಲಿ ಕರೆಸಿದ ಒಂದು ಟ್ಯಾಕ್ಸಿಗೆ 18. ಬೀದಿಯ ಮೀಟರ್ ಟ್ಯಾಕ್ಸಿ ಹತ್ತಿದರೆ ಸಂಜೆಯಿಂದ ನಡುರಾತ್ರಿವರೆಗೆ ಮೀಟರ್ ಮೇಲೆ ಶೇ 25, ನಡುರಾತ್ರಿ ದಾಟಿದ ಮೇಲೆ ಶೇ 50 ಹೆಚ್ಚು. ರಾತ್ರಿ ಹನ್ನೆರಡರ ಮೇಲೆ ಇಳಿಯುವ ವಿಮಾನ ಅಗ್ಗವೆಂದು ಹಿಡಿಯುವವರು ಇದನ್ನೂ ಕೂಡಿಸಿ ನೋಡಬೇಕು, ಆ ಹೊತ್ತಿಗೆ ಮೆಟ್ರೊ ಇರುವುದಿಲ್ಲ.

ಊಟ 118, ಓಡಾಟ 42, ಲಾಕರು, ಕೊಡೆ, ಮಾತ್ರೆಯಂಥ ಚಿಲ್ಲರೆಗೆ 10. ದಿನಕ್ಕೆ 170 ಡಾಲರ್. ಬಂದಿಳಿಯುವ ದಿನ, ಹೊರಡುವ ದಿನ ಎರಡೂ ಅರ್ಧರ್ಧ ದಿನಗಳೇ ಆದ್ದರಿಂದ ಆರು ದಿನವೆಂದರೆ ಐದು ಪೂರ್ಣ ದಿನದ ಖರ್ಚು: 850 ಡಾಲರ್.

ಇದರ ಮೇಲೆ ಎರಡು ಮೊತ್ತ ಬೇರೆಯಾಗಿ ಇಡಬೇಕು. ಒಂದು ತುರ್ತಿಗೆ, ಶೇ 15ರಷ್ಟು, ಅಂದರೆ 130 ಡಾಲರ್. ಮಗುವಿಗೆ ಜ್ವರ ಬಂದು ಕ್ಲಿನಿಕ್ಕಿಗೆ ಹೋಗಬೇಕಾದರೆ ಮೊದಲು ಕೈಯಿಂದಲೇ ಕೊಡಬೇಕು, ವಿಮೆಯ ಹಣ ಆಮೇಲೆ ಬರುತ್ತದೆ. ಇನ್ನೊಂದು ಖರೀದಿಗೆ, 400 ಡಾಲರ್ ಎನ್ನೋಣ. ಒಟ್ಟು 1,380 ಡಾಲರ್.

ಈ ಮೂರನ್ನೂ ಒಂದೇ ಪರ್ಸಿನಲ್ಲಿ ಹಾಕಿದಂತೆ ಯೋಚಿಸಬೇಡಿ. ಖರೀದಿಗೆಂದು ಇಟ್ಟದ್ದು ಊಟಕ್ಕೆ ಹೋಗಬಾರದು, ತುರ್ತಿಗೆಂದು ಇಟ್ಟದ್ದು ಟೈಗರ್ ಬಾಮ್‌ಗೆ ಹೋಗಬಾರದು. ಪ್ರವಾಸದ ಕೊನೆಯ ದಿನ ಊಟಕ್ಕೆ ಕೈ ಹಿಡಿದುಕೊಳ್ಳಬೇಕಾದ ಸ್ಥಿತಿ ಬರುವುದು ಬಹುಮಟ್ಟಿಗೆ ಎರಡನೇ ದಿನ ಅಂಗಡಿಗೆ ನುಗ್ಗಿದ್ದರಿಂದ.

ಡಾಲರ್ ನಿಜವಾಗಿ ಎಷ್ಟಕ್ಕೆ ಬೀಳುತ್ತದೆ

ಈಗ ರೂಪಾಯಿಗೆ ಬರೋಣ. 2015ರ ಸುಮಾರಿಗೆ ಒಂದು ಸಿಂಗಪುರ ಡಾಲರ್ 46-47 ರೂಪಾಯಿ ಇತ್ತು. ಹತ್ತು ವರ್ಷದಲ್ಲಿ ಅದು ಎಪ್ಪತ್ತರ ಹತ್ತಿರ ಬಂದಿದೆ. ಸಿಂಗಪುರದ ಕೇಂದ್ರ ಬ್ಯಾಂಕ್ 1981ರಿಂದಲೂ ಬಡ್ಡಿದರದ ಬದಲು ವಿನಿಮಯ ದರವನ್ನೇ ಹಿಡಿದು ಹಣದುಬ್ಬರ ನಿಯಂತ್ರಿಸುತ್ತ ಬಂದಿದೆ, ತನ್ನ ಡಾಲರನ್ನು ನಿಧಾನವಾಗಿ ಬಲಗೊಳ್ಳಲು ಬಿಡುತ್ತದೆ. ಹಾಗಾಗಿ ಐದು ವರ್ಷದ ಹಿಂದೆ ಹೋಗಿಬಂದವರು ಹೇಳುವ ರೂಪಾಯಿ ಮೊತ್ತ ಈಗ ಉಪಯೋಗಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಅನುಕೂಲವಾಗಲೆಂದು ಇಲ್ಲಿ 70 ರೂಪಾಯಿ ಹಿಡಿಯುತ್ತೇನೆ. ನೀವು ಹೊರಡುವ ವಾರದ ದರವನ್ನು ಹಾಕಿಕೊಳ್ಳಿ.

ಆದರೆ ಗೂಗಲ್‌ನಲ್ಲಿ ಕಾಣುವ 70 ನಮಗೆ ಸಿಗುವ ದರವಲ್ಲ. ಅದು ಬ್ಯಾಂಕುಗಳು ತಮ್ಮತಮ್ಮಲ್ಲಿ ಕೋಟಿಗಟ್ಟಲೆ ಕೊಂಡು ಮಾರುವಾಗಿನ ದರದ ನಡುಬಿಂದು. ನಮ್ಮ ಕೈಗೆ ಬರುವಷ್ಟರಲ್ಲಿ ಅದರ ಮೇಲೆ ಒಂದೊಂದೇ ಪದರ ಕೂಡಿಕೊಳ್ಳುತ್ತದೆ. ಯಾವ ದಾರಿ ಅಗ್ಗ ಎಂದು ತಿಳಿಯಲು ಒಂದೇ ಅಳತೆ ಸಾಕು: ಕೊನೆಗೆ ನಮ್ಮ ಜೇಬಿನಿಂದ ಹೋಗುವ ಒಟ್ಟು ರೂಪಾಯಿಯನ್ನು ಕೈಗೆ ಬರುವ ಡಾಲರ್‌ನಿಂದ ಭಾಗಿಸಿ. "ಜೀರೊ ಕಮಿಷನ್" ಎಂದು ಬೋರ್ಡು ಹಾಕಿರುವ ಕೌಂಟರ್ ಕೂಡ ಈ ಭಾಗಾಕಾರದ ಮುಂದೆ ತನ್ನ ನಿಜವಾದ ಬೆಲೆ ಹೇಳಿಬಿಡುತ್ತದೆ. ಕಮಿಷನ್ ಇಲ್ಲದಿದ್ದರೆ ಅದು ದರದೊಳಗೇ ಕೂತಿರುತ್ತದೆ.

ನಗದು ನೋಟು ತೆಗೆದುಕೊಳ್ಳೋಣ. ಊರಿನ ವಿದೇಶಿ ವಿನಿಮಯ ವ್ಯಾಪಾರಿ 71.50ಕ್ಕೆ ಮಾರುತ್ತಾನೆ ಎಂದುಕೊಳ್ಳಿ. 400 ಡಾಲರ್‌ಗೆ 28,600 ರೂಪಾಯಿ. ಇದರ ಮೇಲೆ ಜಿಎಸ್‌ಟಿ ಇದೆ, ಆದರೆ ಪೂರ್ತಿ ಮೊತ್ತದ ಮೇಲಲ್ಲ. ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಶೇ 1ರಷ್ಟನ್ನು ಸೇವೆಯ ಬೆಲೆ ಎಂದು ಹಿಡಿದು (ಕನಿಷ್ಠ 250 ರೂಪಾಯಿ) ಅದರ ಮೇಲೆ ಶೇ 18 ಹಾಕುತ್ತಾರೆ. ಇಲ್ಲಿ 286 ರೂಪಾಯಿಯ ಮೇಲೆ ಶೇ 18, ಸುಮಾರು 51 ರೂಪಾಯಿ. ಎಲ್ಲ ಸೇರಿ ಡಾಲರ್‌ಗೆ 71.63. ವಿಮಾನ ನಿಲ್ದಾಣದ ಕೌಂಟರ್‌ನಲ್ಲಿ ದರ ಸಾಮಾನ್ಯವಾಗಿ ಇದಕ್ಕಿಂತ ಕೆಟ್ಟದಾಗಿರುತ್ತದೆ, ಹೊರಡುವ ಗಡಿಬಿಡಿಯಲ್ಲಿ ಬೇರೆ ದಾರಿಯಿಲ್ಲದವರು ಅಲ್ಲಿಗೆ ಬರುತ್ತಾರೆ ಎಂಬುದು ಅವರಿಗೆ ಗೊತ್ತು. ಒಂದು ವಾರ ಮೊದಲೇ ಎರಡು ಮೂರು ಕಡೆ ಫೋನ್ ಮಾಡಿ ಕೇಳಿ.

ಫಾರೆಕ್ಸ್ ಕಾರ್ಡ್ ಎಂದರೆ ಮೊದಲೇ ವಿದೇಶಿ ಹಣ ತುಂಬಿಟ್ಟ ಕಾರ್ಡ್. ತುಂಬಿದ ದಿನದ ದರವೇ ಕೊನೆತನಕ, ಆಮೇಲೆ ರೂಪಾಯಿ ಬಿದ್ದರೂ ಚಿಂತೆಯಿಲ್ಲ. 71ರ ದರದಲ್ಲಿ 800 ಡಾಲರ್ ತುಂಬಿಸಿ, ಜಿಎಸ್‌ಟಿ, 300 ರೂಪಾಯಿಯ ಕಾರ್ಡ್ ಶುಲ್ಕ ಎಲ್ಲ ಸೇರಿಸಿದರೆ ಡಾಲರ್‌ಗೆ 71.57ರ ಹತ್ತಿರ ಬರುತ್ತದೆ. ಆದರೆ ಸಿಂಗಪುರ ಡಾಲರನ್ನೇ ತುಂಬಿಸಬೇಕು. ಅಮೆರಿಕದ ಡಾಲರ್ ತುಂಬಿಸಿಕೊಂಡು ಹೋಗಿ ಸಿಂಗಪುರದಲ್ಲಿ ಉಜ್ಜಿದರೆ ಎರಡನೇ ಸಲ ವಿನಿಮಯವಾಗುತ್ತದೆ, ಅದಕ್ಕೆ ಶೇ 2ರಿಂದ 3.5ರವರೆಗೆ ಮತ್ತೆ ಕಡಿತ. "ಡಾಲರ್ ಎಲ್ಲ ಕಡೆ ನಡೆಯುತ್ತೆ ಸಾರ್" ಎಂಬ ಸಲಹೆಯನ್ನು ಈ ಕಾರಣಕ್ಕೆ ನಂಬಬೇಡಿ.

ಸಾಮಾನ್ಯ ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಖರ್ಚಿಗೆ ಶೇ 3.5 ಮಾರ್ಕಪ್ (ವಿನಿಮಯ ದರದ ಮೇಲೆ ಬ್ಯಾಂಕು ಸೇರಿಸುವ ಶುಲ್ಕ), ಅದರ ಮೇಲೆ ಶೇ 18 ಜಿಎಸ್‌ಟಿ. ಸೇರಿಸಿದರೆ ಶೇ 4.13. ಅಂದರೆ 70ರ ಡಾಲರ್ 72.89 ಆಗುತ್ತದೆ. ಮಾರ್ಕಪ್ ಶೇ 2 ಇರುವ, ಇಲ್ಲವೇ ಇಲ್ಲದ ಕಾರ್ಡುಗಳೂ ಇವೆ. ನಿಮ್ಮ ಕಾರ್ಡ್ ಅಂಥದ್ದಾದರೆ ಫಾರೆಕ್ಸ್ ಕಾರ್ಡಿಗಿಂತ ಅದೇ ಅಗ್ಗ. ಮನೆಯ ಡೆಬಿಟ್ ಕಾರ್ಡಿನಿಂದ ಅಲ್ಲಿನ ಎಟಿಎಂನಲ್ಲಿ ಹಣ ತೆಗೆಯುವುದು ದುಬಾರಿ: ಮಾರ್ಕಪ್ಪಿನ ಜತೆ ಪ್ರತಿ ಸಲಕ್ಕೂ ಒಂದು ನಿಗದಿತ ಶುಲ್ಕ ಇರುವುದರಿಂದ 200 ಡಾಲರ್ ತೆಗೆದರೆ ಡಾಲರ್‌ಗೆ 74ರ ಹತ್ತಿರ ಹೋಗುತ್ತದೆ. ಅದು ತುರ್ತಿಗೆ ಮಾತ್ರ.

ಎಲ್ಲಕ್ಕಿಂತ ಹೆಚ್ಚು ಜನ ಗೊತ್ತಿಲ್ಲದೆ ಹಣ ಕಳೆದುಕೊಳ್ಳುವ ಜಾಗ ಇನ್ನೊಂದಿದೆ. ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಯಂತ್ರದ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ: ಸಿಂಗಪುರ ಡಾಲರ್‌ನಲ್ಲಿ ಕೊಡುತ್ತೀರೋ, ಭಾರತೀಯ ರೂಪಾಯಿಯಲ್ಲೋ? ರೂಪಾಯಿ ಮೊತ್ತ ಕಣ್ಣಿಗೆ ಕಾಣುವುದರಿಂದ ಅದೇ ವಾಸಿ ಅನ್ನಿಸುತ್ತದೆ. ಹಾಗೆ ಒತ್ತಿದರೆ ವಿನಿಮಯ ದರವನ್ನು ನಿರ್ಧರಿಸುವುದು ನಿಮ್ಮ ಕಾರ್ಡಿನ ಜಾಲವಲ್ಲ, ಆ ಯಂತ್ರದ ಹಿಂದಿರುವ ಕಂಪನಿ. ಅವರ ದರ ಮಾರುಕಟ್ಟೆಗಿಂತ ಶೇ 5, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಿರುತ್ತದೆ. ಅದು ಸಾಲದೆಂಬಂತೆ ವಿದೇಶದಲ್ಲಿ ರೂಪಾಯಿಯಲ್ಲಿ ಮಾಡಿದ ಪಾವತಿಗೂ ನಮ್ಮ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಎಟಿಎಂನಲ್ಲೂ ಇದೇ ಪ್ರಶ್ನೆ ಬರುತ್ತದೆ. ಉತ್ತರ ಯಾವಾಗಲೂ ಅಲ್ಲಿನ ಹಣವೇ ಆಗಿರಲಿ. ಅಂಗಡಿಯವರು ತಾವೇ ರೂಪಾಯಿ ಒತ್ತಿದ್ದರೆ ರದ್ದು ಮಾಡಿಸಿ ಮತ್ತೆ ಮಾಡಿಸಿ, ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಯುಪಿಐ ಅಲ್ಲಿಯೂ ಬಂದಿದೆ. 2023ರ ಫೆಬ್ರುವರಿಯಲ್ಲಿ ಯುಪಿಐಯನ್ನು ಅಂಥದ್ದೇ ಸಿಂಗಪುರದ ಪಾವತಿ ವ್ಯವಸ್ಥೆ ಪೇನೌ ಜತೆ ಜೋಡಿಸಿದರು, ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕಳಿಸಲು ಅದು. ಅದಲ್ಲದೆ ಕೆಲವು ಅಂಗಡಿಗಳಲ್ಲಿ ನಮ್ಮ ಆ್ಯಪಿನಿಂದ ಸ್ಕ್ಯಾನ್ ಮಾಡಿ ಕೊಡಬಹುದು. ಅದಕ್ಕೆ ಆ್ಯಪಿನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಎಂಬುದನ್ನು ಮೊದಲು ತೆರೆದಿರಬೇಕು. ಎಲ್ಲ ಕಡೆ ನಡೆಯುವುದಿಲ್ಲ, ಅದೊಂದನ್ನೇ ನೆಚ್ಚಿ ಹೋಗುವುದು ತಪ್ಪು.

ಹಾಗಾದರೆ 1,380 ಡಾಲರನ್ನು ಹೇಗೆ ಹಂಚುವುದು? 400 ನಗದಾಗಿರಲಿ, ಏಕೆಂದರೆ ಎಷ್ಟೋ ಹಾಕರ್ ಅಂಗಡಿಗಳು ನಗದು ಅಥವಾ ಅಲ್ಲಿನವರ ಪೇನೌ ಮಾತ್ರ ತೆಗೆದುಕೊಳ್ಳುತ್ತವೆ. ಅದರಲ್ಲಿ ಎರಡು, ಐದು, ಹತ್ತರ ನೋಟುಗಳನ್ನು ಕೇಳಿ ಪಡೆಯಿರಿ. 800 ಫಾರೆಕ್ಸ್ ಕಾರ್ಡಿನಲ್ಲಿ. ಮಿಕ್ಕದ್ದಕ್ಕೆ ಕ್ರೆಡಿಟ್ ಕಾರ್ಡ್. ಹೋಟೆಲಿನವರು ಚೆಕ್‌ಇನ್‌ನಲ್ಲಿ ಠೇವಣಿಯೆಂದು ಒಂದು ಮೊತ್ತವನ್ನು ಹಿಡಿದಿಡುತ್ತಾರೆ, ಅದಕ್ಕೆ ಕ್ರೆಡಿಟ್ ಕಾರ್ಡನ್ನೇ ಕೊಡಿ. ಫಾರೆಕ್ಸ್ ಕಾರ್ಡ್ ಕೊಟ್ಟರೆ ಊಟಕ್ಕೆಂದು ತುಂಬಿಸಿದ ಹಣ ದಿನಗಟ್ಟಲೆ ಸಿಕ್ಕಿಕೊಂಡುಬಿಡುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್ 1ರಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಬರುತ್ತದೆ. ಹೊರಡುವ ಮುಂಚೆ ಆ್ಯಪಿನಲ್ಲಿ ತೆರೆದುಕೊಳ್ಳಿ, ಗಂಡ ಹೆಂಡತಿ ಬೇರೆಬೇರೆ ಕಾರ್ಡು ಬೇರೆಬೇರೆ ಚೀಲದಲ್ಲಿ ಇಟ್ಟುಕೊಳ್ಳಿ.

ಹೀಗೆ ಹಂಚಿದರೆ ಸರಾಸರಿ 71.70ರ ಹತ್ತಿರ ಬೀಳುತ್ತದೆ, ಒಟ್ಟು ಸುಮಾರು 99,000 ರೂಪಾಯಿ. ಲೆಕ್ಕವಿಲ್ಲದೆ ಎಟಿಎಂ, ರೂಪಾಯಿ ಗುಂಡಿ ಎಂದು ಹೋದರೆ 74ರ ಲೆಕ್ಕದಲ್ಲಿ 1,02,000 ದಾಟುತ್ತದೆ. ವ್ಯತ್ಯಾಸ ಮೂರು ಸಾವಿರ ಚಿಲ್ಲರೆ, ನಾಲ್ವರ ಒಂದು ರಾತ್ರಿಯ ಊಟ. ಇದಕ್ಕಾಗಿ ನಿದ್ದೆಗೆಡಬೇಕಿಲ್ಲ. ಆದರೆ ಇದೇ ಅಭ್ಯಾಸವನ್ನು ಐದು ಲಕ್ಷದ ಯುರೋಪ್ ಪ್ರವಾಸಕ್ಕೆ ಒಯ್ದರೆ ಹದಿನೈದು ಸಾವಿರಕ್ಕೂ ಹೆಚ್ಚು ಹೋಗುತ್ತದೆ.

ನಿಯಮದ ಮಿತಿಗಳು

ಒಬ್ಬರು ಒಂದು ಪ್ರವಾಸಕ್ಕೆ ಸಾಮಾನ್ಯವಾಗಿ 3,000 ಅಮೆರಿಕನ್ ಡಾಲರ್‌ಗೆ ಸಮನಾದ ವಿದೇಶಿ ನೋಟು ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ಭಾರತದ ರೂಪಾಯಿ ನೋಟಾದರೆ 25,000. ವಿದೇಶಿ ಹಣ ಕೊಳ್ಳಲು 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಕೊಡುವುದಿದ್ದರೆ ನಗದು ನಡೆಯುವುದಿಲ್ಲ, ಬ್ಯಾಂಕಿನ ಮೂಲಕವೇ ಕೊಡಬೇಕು. ಇಡೀ ಆರ್ಥಿಕ ವರ್ಷಕ್ಕೆ ಒಬ್ಬರ ಮಿತಿ 2,50,000 ಅಮೆರಿಕನ್ ಡಾಲರ್. ನಮ್ಮ ಕುಟುಂಬ ಇದರ ಹತ್ತಿರಕ್ಕೂ ಹೋಗುವುದಿಲ್ಲ.

ಹಣ ಪಡೆಯುವಾಗಲೇ ಮುಂಗಡವಾಗಿ ವಸೂಲು ಮಾಡುವ ಟಿಸಿಎಸ್ ಎಂಬ ತೆರಿಗೆಯ ಬಗ್ಗೆ ಭಯ ಹೆಚ್ಚು, ಅರಿವು ಕಡಿಮೆ. ಫಾರೆಕ್ಸ್ ಕಾರ್ಡ್, ನಗದು, ಡೆಬಿಟ್ ಕಾರ್ಡುಗಳ ಮೂಲಕ ಒಬ್ಬರ ಹೆಸರಿನಲ್ಲಿ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಮಾತ್ರ ಪ್ರವಾಸದ ಖರ್ಚಿಗೆ ಅದು ಬೀಳುತ್ತದೆ. 2025ರ ಏಪ್ರಿಲ್ 1ಕ್ಕೆ ಮೊದಲು ಈ ಗಡಿ 7 ಲಕ್ಷವಿತ್ತು. ವಿದೇಶದಲ್ಲಿ ಕ್ರೆಡಿಟ್ ಕಾರ್ಡ್ ಬಳಸುವುದನ್ನೂ ಇದರಡಿ ತರುವ ಆದೇಶವನ್ನು ಸರ್ಕಾರ 2023ರಲ್ಲಿ ಹೊರಡಿಸಿ, ಮತ್ತೆ ಮುಂದೂಡಿತು. ಪ್ಯಾಕೇಜ್ ಟೂರ್ ಕೊಳ್ಳುವವರ ಮಾತು ಬೇರೆ: ಅವರಿಗೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಇದೆ. ದರ ಪದೇಪದೇ ಬದಲಾಗಿದೆ, ಬುಕ್ ಮಾಡುವ ದಿನದ್ದನ್ನು ಕೇಳಿಕೊಳ್ಳಿ. ಕಟ್ಟಿದ ಈ ಹಣ ಮುಳುಗುವುದಿಲ್ಲ. ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ ಅಥವಾ ವಾಪಸು ಬರುತ್ತದೆ. ಅಲ್ಲಿಯವರೆಗೆ ಅದು ಕೈಯಲ್ಲಿರುವುದಿಲ್ಲ ಎಂಬುದನ್ನು ಮಾತ್ರ ಲೆಕ್ಕದಲ್ಲಿಡಿ.

ಅಲ್ಲಿ ಇಳಿದ ಮೇಲೆ

ಹಾಕಿದ ಲೆಕ್ಕದಂತೆ ಯಾವ ದಿನವೂ ನಡೆಯುವುದಿಲ್ಲ, ನಡೆಯಬೇಕಿಲ್ಲ. ರಾತ್ರಿ ಕೋಣೆಗೆ ಬಂದ ಮೇಲೆ ಐದು ನಿಮಿಷ ಕೂತು ಒಂದು ಭಾಗಾಕಾರ ಮಾಡಿ: ಉಳಿದ ಹಣ, ಉಳಿದ ದಿನ. ಮೂರನೇ ದಿನ ರಾತ್ರಿ, ಅಂದರೆ ಎರಡೂವರೆ ದಿನ ಕಳೆದಾಗ 425 ಡಾಲರ್ ಖರ್ಚಾಗಿರಬೇಕಿತ್ತು. 500 ಆಗಿದೆ ಎಂದುಕೊಳ್ಳಿ. ಉಳಿದದ್ದು 350, ದಿನಗಳು ಎರಡೂವರೆ. ನಾಳೆಯಿಂದ ದಿನಕ್ಕೆ 140. 170ಕ್ಕಿಂತ ಕಡಿಮೆ ಮಾಡಬೇಕಾದ ಆ 30 ಡಾಲರ್ ಎಲ್ಲಿಂದ ಬರುತ್ತದೆ ಎಂಬುದೂ ಗೊತ್ತಾಗುತ್ತದೆ: ನಾಳೆ ರಾತ್ರಿಯ ಊಟ ರೆಸ್ಟೋರೆಂಟ್ ಬದಲು ಹಾಕರ್ ಸೆಂಟರ್‌ನಲ್ಲಿ, ಟ್ಯಾಕ್ಸಿ ಬದಲು ಬಸ್ಸು. ಸಂಜೆ ಗಾರ್ಡನ್ಸ್ ಬೈ ದ ಬೇ ಬಯಲಿನ ದೊಡ್ಡ ಮರಗಳ ದೀಪದ ಪ್ರದರ್ಶನ, ಮರೀನಾ ಬೇ ದಂಡೆಯ ನೀರಿನ ಚಿಲುಮೆ, ಸಿಂಹದ ತಲೆ ಮೀನಿನ ಮೈಯ ಮರ್ಲಯನ್ ಪ್ರತಿಮೆ, ಬೊಟಾನಿಕ್ ಗಾರ್ಡನ್ಸ್ ಯಾವುದಕ್ಕೂ ಟಿಕೆಟ್ಟಿಲ್ಲ. ಸೆಂಟೋಸಾ ದ್ವೀಪಕ್ಕೆ ಮಾನೊರೈಲಿನಲ್ಲಿ ಹೋದರೆ ತಲಾ 4 ಡಾಲರ್, ಸೇತುವೆಯ ಮೇಲಿನ ಕಾಲುದಾರಿಯಲ್ಲಿ ನಡೆದರೆ ಏನೂ ಇಲ್ಲ. ಖರ್ಚು ಮೀರಿದ ದಿನದ ಮರುದಿನಕ್ಕೆ ಇವುಗಳನ್ನು ಇಟ್ಟುಕೊಳ್ಳಿ.

ಮಕ್ಕಳಿಗೆ ಅವರದೇ ಕೈಖರ್ಚು ಕೊಡಿ ಎಂದು ನಾನು ಒತ್ತಾಯವಾಗಿಯೇ ಹೇಳುತ್ತೇನೆ. ಖರೀದಿಯ ಮೊತ್ತದಿಂದ ಇಬ್ಬರಿಗೂ ಇಪ್ಪತ್ತಿಪ್ಪತ್ತು ಡಾಲರ್ ನೋಟಿನಲ್ಲೇ ಕೊಟ್ಟು, ಇಷ್ಟೇ, ಏನು ಬೇಕಾದರೂ ಕೊಳ್ಳಿ ಎನ್ನಿ. ಅಪ್ಪನ ದುಡ್ಡಿನಲ್ಲಿ ಪ್ರತಿ ಅಂಗಡಿಯಲ್ಲೂ ಹಟ ಮಾಡುವ ಮಗು ತನ್ನ ದುಡ್ಡನ್ನು ಮೂರು ಅಂಗಡಿ ಸುತ್ತಿ ಯೋಚಿಸಿ ಖರ್ಚು ಮಾಡುತ್ತದೆ.

ಉಡುಗೊರೆಯ ಪಟ್ಟಿಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಅತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು, ಆಫೀಸಿನವರು ಎಂದು ಹೆಸರಿನ ಮುಂದೆ ಡಾಲರ್ ಬರೆಯಿರಿ. ಟೈಗರ್ ಬಾಮ್, ಕೊಡಲಿ ಚಿತ್ರದ ಎಣ್ಣೆ, ಚಾಕೊಲೇಟು ಇವೆಲ್ಲ ಸೈಯದ್ ಆಲ್ವಿ ರಸ್ತೆಯ ಮುಸ್ತಫಾ ಸೆಂಟರ್‌ನಲ್ಲಿ ಒಂದೇ ಕಡೆ ಸಿಗುತ್ತವೆ, ಮಧ್ಯರಾತ್ರಿ ದಾಟಿದ ಮೇಲೂ ತೆರೆದಿರುತ್ತದೆ. ಐದನೇ ದಿನಕ್ಕೆ ಮೊದಲು ಅಲ್ಲಿಗೆ ಹೋಗಬೇಡಿ. ಎಲೆಕ್ಟ್ರಾನಿಕ್ ವಸ್ತು ಕೊಳ್ಳುವ ಮುಂಚೆ ಅದೇ ಮಾದರಿಗೆ ನಮ್ಮಲ್ಲಿ ಎಷ್ಟಿದೆ, ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಫೋನಿನಲ್ಲೇ ನೋಡಿಕೊಳ್ಳಿ.

ಪ್ರವಾಸಿಗಳಿಗೆ ತೆರಿಗೆ ಮರಳಿಸುವ ಯೋಜನೆಯೊಂದು ಸಿಂಗಪುರದಲ್ಲಿದೆ. ಅದಕ್ಕೆ ಸೇರಿದ ಅಂಗಡಿಯೊಂದರಲ್ಲಿ ತೆರಿಗೆ ಸೇರಿ 100 ಡಾಲರ್ ಅಥವಾ ಹೆಚ್ಚು ಕೊಂಡರೆ, ಆ ವಸ್ತುವನ್ನು ದೇಶದಿಂದ ಹೊರಗೆ ಒಯ್ಯುವ ಪ್ರವಾಸಿಗೆ ಜಿಎಸ್‌ಟಿ ವಾಪಸು ಸಿಗುತ್ತದೆ. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಬೇಕು. ಶೇ 9 ಪೂರ್ತಿ ಬರುತ್ತದೆಂದು ಎಣಿಸಬೇಡಿ. 109 ಡಾಲರ್ ಬಿಲ್ಲಿನಲ್ಲಿ ತೆರಿಗೆ 9 ಡಾಲರ್, ಅಂದರೆ ಕೊಟ್ಟ ಹಣದ ಶೇ 8.26. ಅದರಲ್ಲೂ ನಿರ್ವಹಣಾ ಶುಲ್ಕ ಕಳೆದು ಉಳಿದದ್ದು ನಿಮ್ಮದು. ವಸ್ತು ದೊಡ್ಡ ಸೂಟ್‌ಕೇಸಿನಲ್ಲಿದ್ದರೆ ಅದನ್ನು ವಿಮಾನದವರಿಗೆ ಒಪ್ಪಿಸುವ ಮೊದಲೇ ಚಾಂಗಿ ನಿಲ್ದಾಣದ ಯಂತ್ರದಲ್ಲಿ ಅರ್ಜಿ ಹಾಕಿ, ಅಧಿಕಾರಿಗಳು ವಸ್ತು ತೋರಿಸಿ ಎನ್ನಬಹುದು. ವಾಪಸು ಬರುವ ಈ ಹಣವನ್ನು ಬಜೆಟ್ಟಿನಲ್ಲಿ ಸೇರಿಸಿಕೊಳ್ಳಬೇಡಿ.

ಕೊನೆಯ ದಿನ ನಾಣ್ಯಗಳನ್ನು ಖಾಲಿ ಮಾಡಿ, ಊರಿನ ವಿನಿಮಯದವರು ಅದನ್ನು ತೆಗೆದುಕೊಳ್ಳುವುದಿಲ್ಲ. ಉಳಿದ ನೋಟುಗಳಲ್ಲಿ 2,000 ಅಮೆರಿಕನ್ ಡಾಲರ್‌ಗೆ ಸಮನಾದಷ್ಟನ್ನು ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಲು ಅನುಮತಿಯಿದೆ. ಅದಕ್ಕೂ ಹೆಚ್ಚಿದ್ದರೆ ಮರಳಿ ಬಂದ 180 ದಿನದೊಳಗೆ ಬ್ಯಾಂಕಿಗೋ ಅಧಿಕೃತ ವ್ಯಾಪಾರಿಗೋ ಕೊಡಬೇಕು. ಫಾರೆಕ್ಸ್ ಕಾರ್ಡಿನಲ್ಲಿ ಉಳಿದದ್ದನ್ನು ರೂಪಾಯಿಗೆ ತಿರುಗಿಸುವಾಗ ಕೊಳ್ಳುವ ದರ ಕಡಿಮೆಯಿರುತ್ತದೆ, ಹಾಗೇ ಬಿಟ್ಟರೆ ಕೆಲವು ಕಾರ್ಡುಗಳು ಬಳಸದ್ದಕ್ಕೂ ಶುಲ್ಕ ಕಡಿಯುತ್ತವೆ. ಒಂದು ವರ್ಷದೊಳಗೆ ಮತ್ತೆ ಹೋಗುವ ಯೋಚನೆ ಇಲ್ಲದಿದ್ದರೆ ತಿರುಗಿಸಿಬಿಡಿ. ಹೋಟೆಲಿನವರು ಹಿಡಿದಿಟ್ಟ ಠೇವಣಿ ಬಿಡುಗಡೆಯಾಗಿದೆಯೇ ಎಂದು ಕ್ರೆಡಿಟ್ ಕಾರ್ಡಿನ ಮುಂದಿನ ಸ್ಟೇಟ್‌ಮೆಂಟಿನಲ್ಲಿ ನೋಡಿ. ಆಗಿಲ್ಲದಿದ್ದರೆ ಚೆಕ್‌ಔಟ್ ಮಾಡಿದಾಗಿನ ರಸೀದಿ ಜತೆಗಿಟ್ಟು ಮೊದಲು ಹೋಟೆಲಿಗೆ, ಆಮೇಲೆ ಬ್ಯಾಂಕಿಗೆ ಬರೆಯಿರಿ.